ಲೀಲಾಬಾಯಿಯ ಮೂರು ತಿಂಗಳ ಸಕ್ಕರೆ

ಸೊಲ್ಲಾಪುರದ ಟಾವೆಲ್ ವ್ಯಾಪಾರಿ ಸಾತಲಿಂಗಪ್ಪನವರಿಗೆ ಮುಖ ನೋಡಿದರೆ ಸಾಕು, ಗಿರಾಕಿ ಕೊಳ್ಳುವವನೋ ಸುಮ್ಮನೆ ಕೆದಕುವವನೋ ಗೊತ್ತಾಗುತ್ತಿತ್ತಂತೆ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಎದುರಿಗೇ ಓಡಾಡುವ ಹೆಂಡತಿಯ ಮುಖ ಬಿಳಿಚಿಕೊಂಡದ್ದು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಆ ಹೆಂಡತಿ ಲೀಲಾಬಾಯಿಯ ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟೆಂದು ಹೇಳುವ ತಪಾಸಣೆಯಲ್ಲಿ ಅಂಕಿ ಹೆಚ್ಚು ಬಂದದ್ದೇ ಬಂದದ್ದು, ಬೆಲ್ಲದ ಡಬ್ಬಿ ಕಪಾಟು ಸೇರಿತು, ಕೀಲಿಕೈ ಯಜಮಾನರ ಉಡದಾರ ಸೇರಿತು. ಮುಂದಿನ ಸಲ ಅಂಕಿ ಇನ್ನೂ ಮೇಲೇರಿತು.

"ಕದ್ದು ತಿನ್ನಾಕತ್ತಿ ನೀ," ಎಂದರು ಸಾತಲಿಂಗಪ್ಪನವರು.

"ಸ್ವಾಮಿಗಳ ಆಣಿ ರೀ, ಚಿಮಟಿ ಸಕ್ಕರಿನೂ ಮುಟ್ಟಿಲ್ಲ ನಾ."

"ಹಂಗಾರ ಮಷೀನ್ ಸುಳ್ಳ ಹೇಳತೈತೇನ?"

ಸಿಹಿ ಬಿಟ್ಟದ್ದು ಲೀಲಾಬಾಯಿಗೆ ದೊಡ್ಡದೆನಿಸಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ತನ್ನ ಮಾತು ನಂಬಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬರುತ್ತಿತ್ತು.

ಪ್ರತಿ ಗುರುವಾರ ಅವಳು ಉಪವಾಸ ಹಿಡಿದು ಅಕ್ಕಲಕೋಟದ ಸ್ವಾಮಿಗಳ ಗುಡಿಗೆ ಹೋಗುವವಳು. ಈಗ ಸಾತಲಿಂಗಪ್ಪನವರೂ ಕಾವಲಿಗೆ ಹೊರಟರು. ಗುಡಿಯಲ್ಲಿ ಕೈಗೆ ಬಿದ್ದ ಪ್ರಸಾದದ ಪೇಢೆಯನ್ನು ಬೇಡವೆನ್ನುವಂತಿಲ್ಲ, ಎಸೆಯುವಂತೆಯೂ ಇಲ್ಲ. ಹಾಗಾಗಿ ಹೆಂಡತಿಯ ಪಾಲನ್ನೂ ಕಣ್ಣು ಮುಚ್ಚಿ ಭಕ್ತಿಯಿಂದ ತಾವೇ ತಿನ್ನುತ್ತಿದ್ದರು. ಹೆಂಡತಿಯ ಆರೋಗ್ಯಕ್ಕಾಗಿ ಗಂಡನಾದವನು ಅಷ್ಟಾದರೂ ಮಾಡಬೇಡವೇ!

ಒಂದು ಗುರುವಾರ ಗುಡಿಯ ಹೊರಗೆ ಲೀಲಾಬಾಯಿ ತಲೆ ತಿರುಗಿ ಕುಸಿದಳು. ಹತ್ತಿರದ ದವಾಖಾನೆಗೆ ಕರೆದೊಯ್ದು, ಸಾತಲಿಂಗಪ್ಪನವರು ಡಾಕ್ಟರ್ ಶುಭಾಂಗಿಯ ಮುಂದೆ ಹೆಂಡತಿಯ ಕಳ್ಳತನದ ಕಥೆಯನ್ನೆಲ್ಲ ಬಿಚ್ಚಿದರು. ಡಾಕ್ಟರ್ ಲೀಲಾಬಾಯಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಅವರು ಸಾಕ್ಷಿಗೆಂದು ತೆಗೆದುಕೊಟ್ಟ ಹಳೆಯ ರಿಪೋರ್ಟು ತಿರುವಿದಳು, ರಕ್ತ ತೆಗೆಸಿ ತಪಾಸಣೆ ಮಾಡಿಸಿದಳು.

"ಕಾಕಾ, ಊಟಕ್ಕ ಮೊದಲಿನ ಸಕ್ಕರಿ ಇವತ್ತೂ ಸರಿ ಐತಿ, ಊಟ ಆದಮ್ಯಾಲಿಂದೂ ಹಳೇ ರಿಪೋರ್ಟಿನ್ಯಾಗ ಸರಿ ಐತಿ. ಮೂರ ತಿಂಗಳದ್ದಷ್ಟ ಹೆಚ್ಚ. ಲೀಲಾಕಾಕುನ ಮೈಯಾಗ ರಕ್ತ ಕಮ್ಮಿ, ಕಬ್ಬಿಣದ ಅಂಶ ಇಲ್ಲ."

"ಅದಕ್ಕೂ ಸಕ್ಕರಿಗೂ ಏನ ಸಂಬಂಧ?"

"ನಿಮ್ಮ ಅಂಗಡ್ಯಾಗ ಹೊಸಾ ಮಾಲ ಬರಲಿಲ್ಲಂದ್ರ ಹಳೇ ಟಾವೆಲ್ ಮ್ಯಾಲ ಧೂಳ ಕೂಡತೈತಿಲ್ಲೋ? ಹಂಗಂತ ಅಂಗಡ್ಯಾಗ ಧೂಳ ಹೆಚ್ಚಾತು ಅನ್ನಾಕ ಬರೂದಿಲ್ಲ. ರಕ್ತದ ಕೆಂಪು ಕಣ ಸುಮಾರು ನಾಕ ತಿಂಗಳ ಬದಕತಾವ, ಅಲ್ಲೀತನಕ ಅವಕ್ಕ ಸಕ್ಕರಿ ಅಂಟಕೋತ ಹೋಗತೈತಿ. ಕಬ್ಬಿಣ ಇಲ್ಲದ್ದಕ್ಕ ಹೊಸಾ ಕಣ ಕಮ್ಮಿ ಹುಟ್ಟ್ಯಾವ, ಹಳೇವ ಉಳದಾವ. ಮಷೀನ್ ಆ ಅಂಟಿದ ಸಕ್ಕರಿನ ಅಳದೈತಿ. ಕಾಕು ಏನೂ ಕದ್ದ ತಿಂದಿಲ್ಲ. ಕಬ್ಬಿಣ ಯಾಕ ಕಮ್ಮಿ ಆತು, ಅದನ್ನ ಮೊದಲ ಹುಡಕೋಣು."

ಬಂದದ್ದಕ್ಕೆ ಸಾತಲಿಂಗಪ್ಪನವರ ಸಕ್ಕರೆಯನ್ನೂ ಒಮ್ಮೆ ನೋಡೋಣವೆಂದು ಅವರ ಬೆರಳಿಗೆ ಡಾಕ್ಟರ್ ಸೂಜಿ ಚುಚ್ಚಿದಳು. ಅಂಕಿ ನೋಡಿ ಹುಬ್ಬೇರಿಸಿದಳು.

"ಕಾಕಾ, ಭಾಳ ಏರೈತಿ. ಸಿಹಿ ಎಷ್ಟ ತಿಂತೀರಿ?"

"ವಾರಕ್ಕ ಎರಡ ಪೇಢೆ, ಅಷ್ಟ. ಸ್ವಾಮಿಗಳ ಆಣಿ!"

"ಎಲ್ಲಾರೂ ಹಂಗ ಅಂತಾರ್ರಿ," ಎಂದು ಡಾಕ್ಟರ್ ನಕ್ಕಳು.

ಸಾತಲಿಂಗಪ್ಪನವರು ದಿಕ್ಕುಗೆಟ್ಟು ಹೆಂಡತಿಯ ಕಡೆ ನೋಡಿದರು. ಸೇಡು ತೀರಿಸಿಕೊಳ್ಳಲು ಅವಳಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

"ಖರೇನ ಹೇಳತಾರ, ಡಾಕ್ಟರಬಾಯಿ," ಎಂದಳು ಲೀಲಾಬಾಯಿ. "ಅವರ ಮಾತ ನಾ ನಂಬತೀನಿ."

ಸಾತಲಿಂಗಪ್ಪನವರಿಗೆ ತಡೆಯಲಾಗಲಿಲ್ಲ. ಡಾಕ್ಟರ್ ಎದುರಿಗೇ ಕಣ್ಣು ತುಂಬಿಕೊಂಡರು.

"ಅಳಬ್ಯಾಡ್ರಿ," ಎಂದಳು ಲೀಲಾಬಾಯಿ ಮೆಲ್ಲಗೆ, "ಸಕ್ಕರಿ ಇನ್ನಷ್ಟ ಏರೀತು."