ಎಲ್ಲಿ ಬರದೈತಿ?

ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಪಾಸ್ಟರ್ ಶಿವಕಾಂತ ಮೆಟ್ಟಿಲ ತಿರುವಿನಲ್ಲಿ ಎಡವಿದರು. "ಸಾವಕಾಶ್, ಸಾವಕಾಶ್," ಎಂದು ನೆರೆಯವರು ಹಿಡಿದುಕೊಂಡರು. ಈಗ ಸಂಭಾಜಿನಗರದಲ್ಲಿದ್ದ ಪಾಸ್ಟರ್ ಸುದ್ದಿ ಕೇಳಿ ಮೊದಲ ಬಸ್ಸಿಗೇ ನಾಸಿಕ್‌ಗೆ ಬಂದಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದವರು ಗೊಲ್ಲಾಳಪ್ಪ. ಮುದ್ದೇಬಿಹಾಳದ ಕಡೆಯವರು, ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಪಕ್ಕಾ ಕ್ಯಾಥಲಿಕ್.

ಕೆಳಗೆ ಪೆಟ್ಟಿಗೆ ಇಳಿಸಿದಾಗ ಮಗಳು ರಂಜನಿ ಬಳಿಗೆ ಬಂದಳು. ತಾಯಿ ಎಂದೋ ತೀರಿಕೊಂಡಿದ್ದಳು. ಇಲ್ಲೇ ಬೆಳೆದ ರಂಜನಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಓದಲು ಬಾರದು, ಆಡಲು ಹೋದರೆ ಮರಾಠಿ ನುಗ್ಗುತ್ತಿತ್ತು.

"ಅಂಕಲ್, ಫಾದರ್ ಎಲ್ಲಾ ಮರಾಠಿದಾಗ ಮಾಡ್ತಾರ. ಪಣ್ ಮಣ್ಣ ಮಾಡೂವಾಗ ಸತ್ತವರ ಪ್ರಾರ್ಥನಾ ಕನ್ನಡದಾಗ ಆಗ್ಬೇಕಂತ ಪಪ್ಪಾ ಹೇಳಿದ್ರು. ನೀವು ಹೇಳ್ತೀರಿ?"

ಶಿವಕಾಂತ ಪ್ರಾಟೆಸ್ಟಂಟ್ ಸಭೆಯವರು. ಸತ್ತವರಿಗಾಗಿ ಬೇಡುವುದು ದೇವರ ವಾಕ್ಯದಲ್ಲಿಲ್ಲ ಎಂದು ವರ್ಷಗಟ್ಟಲೆ ಬೋಧಿಸಿದ ಬಾಯಿ ಅವರದು.

"ಬೈಬಲ್‌ನ್ಯಾಗಿನ ಕೀರ್ತನೆ ಓದ್ತೀನವಾ. ಅದೊಂದು ಮಾತ್ರ ನನ್ನ ಕಡಿಂದ ಆಗೂದಿಲ್ಲ."

ಆಕೆ ತಲೆಯಾಡಿಸಿದಳು. ಬೇಸರ ತೋರಿಸಲಿಲ್ಲ. ಅಪ್ಪನ ಮಗಳೇ.

*

ಹಿಂದೆ ನಾಸಿಕ್‌ನಲ್ಲೇ ಸಭೆ ನಡೆಸುತ್ತಿದ್ದಾಗ, ಗೊಲ್ಲಾಳಪ್ಪನವರನ್ನು ತಿದ್ದಬೇಕೆಂದೇ ಶಿವಕಾಂತ ಮೊದಲ ಸಲ ಆ ಮನೆಯ ಮೆಟ್ಟಿಲು ಹತ್ತಿದ್ದರು.

"ಜಪಮಾಲೆ, ಸಂತರು, ಸತ್ತವರ ಪೂಜಿ... ಎಲ್ಲಿ ಬರದೈತ್ರಿ ಇದೆಲ್ಲ?"

ಗೊಲ್ಲಾಳಪ್ಪ ಚಹಾ ಮುಂದೆ ಸರಿಸಿದರು. "ಬಾಯಿಂದ ಕೇಳಿದ್ದೂ, ಪತ್ರದಾಗ ಓದಿದ್ದೂ, ಎರಡೂ ಗಟ್ಟಿ ಹಿಡೀರಿ ಅಂತ ಸಂತ ಪೌಲನೇ ಬರದಾನಲ್ರಿ."

"ಮನುಷ್ಯಾರ ಸಂಪ್ರದಾಯಕ್ಕಾಗಿ ದೇವರ ಮಾತು ಬಿಟ್ರಿ ಅಂತ ಯೇಸುಸ್ವಾಮಿ ಬೈದದ್ದೂ ಬರದೈತಿ."

"ಹೌದ್ರಿ. ಅದಕ್ಕ ನಾವೂ ಅಂಜಬೇಕು. ಆದ್ರ ಈ ಬೈಬಲ್‌ನ್ಯಾಗ ಯಾವ ಪುಸ್ತಕ ಇರಬೇಕು ಅಂತ ಬೈಬಲ್ ತಾನ ಹೇಳಿಲ್ಲ. ಹಿರ್ಯಾರು ಆರಿಸಿ, ಕೈಯಿಂದ ಕೈಗೆ ಕೊಟ್ಟಾರ. ಅದಕ್ಕ ಅದು ನಿಮ್ಮ ಕೈಯಾಗೂ ಐತಿ."

ಇಬ್ಬರೂ ಸೋಲಲಿಲ್ಲ. ಮುಂದಿನ ಭಾನುವಾರ ಮತ್ತೆ ಚಹಾ, ಮತ್ತೆ ಅದೇ ವಾದ.

ಒಮ್ಮೆ ಬಾಡಿಗೆ ಹಾಲ್‌ನವರು ಶಿವಕಾಂತರ ಪ್ರಾರ್ಥನಾ ಸಭೆಯನ್ನು ಹೊರಗೆ ಹಾಕಿದರು. ಕಟ್ಟಡ ಕೆಲಸದ ಕೂಲಿ ಕುಟುಂಬಗಳು ಮಕ್ಕಳೊಂದಿಗೆ ರಸ್ತೆಯಲ್ಲಿ ನಿಂತವು. ತಮ್ಮ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬರುತ್ತಿದ್ದ ಗೊಲ್ಲಾಳಪ್ಪ ನೋಡಿದವರೇ ತಮ್ಮ ಮನೆಗೆ ಕರೆದೊಯ್ದರು. ಚರ್ಚಿನವರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಿಮ್ಮ ಬೋಧನಾ ನಾ ಒಪ್ಪಂಗಿಲ್ರಿ ಪಾಸ್ಟರ್ರ," ಎಂದರು. "ಹಂಗಂತ ನೀವು ಬಿಸಲಾಗ ನಿಂದ್ರೂದು ಒಪ್ಪಲೇನು?"

ಒಳಗೆ ಹಾಡು ನಡೆಯುವಾಗ ಅವರು ಮೆಟ್ಟಿಲ ಮೇಲೆ ಕೂತು ಅಳುವ ಕೂಸುಗಳನ್ನು ಆಡಿಸಿದರು. ಬೇರೆ ಜಾಗ ಸಿಗುವವರೆಗೂ ಹಾಗೇ ನಡೆಯಿತು.

*

ಸ್ಮಶಾನದಲ್ಲಿ ಫಾದರ್ ತೀರ್ಥ ಚಿಮುಕಿಸಿ ಪ್ರಾರ್ಥನೆ ಮುಗಿಸಿದರು. ಶಿವಕಾಂತ ಕೀರ್ತನೆ ಓದಿದರು. ಆಮೇಲೆ ರಂಜನಿ ಗುಂಡಿಯ ಅಂಚಿಗೆ ಬಂದು ತಾನೇ ಶುರುಮಾಡಿದಳು.

"ಪ್ರಭುವೇ, ಇವರಿಗೆ ನಿತ್ಯ..."

ಮುಂದಿನದು ಬರಲಿಲ್ಲ. "ನಿತ್ಯ..." ಎಂದಳು ಮತ್ತೆ. ಸುತ್ತ ನಿಂತವರಿಗೆ ಕನ್ನಡ ಬಾರದು.

ತೀರಿಕೊಂಡ ಹೆಂಡತಿಗಾಗಿ ಗೊಲ್ಲಾಳಪ್ಪ ಹೇಳುತ್ತಿದ್ದ ಆ ಪ್ರಾರ್ಥನೆ ಕೇಳಿ ಕೇಳಿ ಶಿವಕಾಂತರಿಗೆ ಬಾಯಿಪಾಠವಾಗಿತ್ತು. ಅವರು ಬೈಬಲ್ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಅವಳ ಪಕ್ಕಕ್ಕೆ ಹೋದರು.

"ವಿಶ್ರಾಂತಿಯನ್ನು," ಎಂದರು ಮೆಲ್ಲಗೆ.

"ವಿಶ್ರಾಂತಿಯನ್ನು."

"ದಯಪಾಲಿಸಿರಿ."

"ದಯಪಾಲಿಸಿರಿ," ಎಂದು ಆಕೆ ಹಿಡಿ ಕರಿಮಣ್ಣು ಬಿಟ್ಟಳು. ಪೆಟ್ಟಿಗೆಯ ಮೇಲೆ ಸದ್ದಾಯಿತು.

ಶಿವಕಾಂತರೂ ಮಣ್ಣು ಎತ್ತಿಕೊಂಡರು. ಉಳಿದವರೆಲ್ಲ ಹಾಕಿ ಹಿಂದೆ ಸರಿದರೂ ಅವರ ಮುಷ್ಟಿ ಮಾತ್ರ ಮಣ್ಣು ಬಿಡಲಾಗದೆ ಗುಂಡಿಯ ಮೇಲೆ ಚಾಚಿಕೊಂಡೇ ಇತ್ತು, ಬಿಗಿಯಾಗಿ.