ಕೊಲ್ಮಾನನ ಬಾವಿಗೆ ಎಡಸುತ್ತು

ಮೂರು ದಿನ ಬರೀ ಕರಿ ಚಹಾ, ಒಣ ಬ್ರೆಡ್ಡಿನ ಮೇಲಿದ್ದು, ನಾಲ್ಕನೆಯ ದಿನ ಬೆಳಿಗ್ಗೆ ಅಟ್ರಾಕ್ಟಾ ತನ್ನ ತಮ್ಮನಿಗೆ ಶಾಪ ಹಾಕಲು ಹೊರಟಳು. ವಯಸ್ಸು ಎಪ್ಪತ್ತೊಂದು. ಎಡಮಂಡಿ ಸವೆದಿತ್ತು, ಸಿಟ್ಟು ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಂದಿಷ್ಟೂ ಸವೆದಿರಲಿಲ್ಲ. ಪೇಟೆಯಿಂದ ಬಸ್ಸಿನಲ್ಲಿ ಬಂದು ಕ್ರಾಸಿನಲ್ಲಿ ಇಳಿದಳು. ತಾನು ಹುಟ್ಟಿದ ಮನೆಯ ಕಡೆ ಕತ್ತೆತ್ತಿಯೂ ನೋಡದೆ, ತಮ್ಮ ಜಾರ್ಲತ್‌ನ ಕುರಿಗಳು ಮೇಯುವ ಹೊಲ ದಾಟಿ, ಮುರುಕು ಚರ್ಚಿನ ಹಿಂದಿರುವ ಸಂತ ಕೊಲ್ಮಾನನ ಬಾವಿಗೆ ಇಳಿದಳು.

ನಮ್ಮ ಮೇಯೋ ಸೀಮೆಯಲ್ಲಿ ಈ ಬಾವಿಗೆ ಏಳು ಬಲಸುತ್ತು ಬಂದರೆ ಹರಕೆ. ಕಣ್ಣುಬೇನೆ, ಸೊಂಟನೋವು, ಮಕ್ಕಳ ಪರೀಕ್ಷೆ, ಎಲ್ಲಕ್ಕೂ ಅದೇ ಮದ್ದು. ಏಳು ಎಡಸುತ್ತು ಬಂದು, ಬಾವಿಯ ಬದಿಯ ಚಪ್ಪಡಿ ಮೇಲಿರುವ ಗುಂಡುಕಲ್ಲನ್ನು ಒಬ್ಬನ ಹೆಸರು ಹೇಳಿ ಎಡಕ್ಕೆ ತಿರುಗಿಸಿದರೆ ಆ ಮನುಷ್ಯನಿಗೆ ವರ್ಷ ತುಂಬುವುದಿಲ್ಲ. ಪಾದ್ರಿಗಳು ಇದನ್ನೆಲ್ಲ ಮೂಢನಂಬಿಕೆ ಎನ್ನುತ್ತಾರೆ. ಹಾಗೆಂದು ಯಾವ ಪಾದ್ರಿಯೂ ಆ ಕಲ್ಲನ್ನು ಮುಟ್ಟುವ ಧೈರ್ಯ ಮಾಡಿದ್ದಿಲ್ಲ. ಒಂದು ತೊಡಕಿದೆ. ಶಾಪ ಹಾಕಿಸಿಕೊಂಡವನು ತಪ್ಪು ಮಾಡಿರದಿದ್ದರೆ, ಅದು ಕಲ್ಲು ತಿರುಗಿಸಿದವರ ತಲೆಯ ಮೇಲೇ ಬೀಳುತ್ತದೆ.

ಆ ತೊಡಕೇ ಅವಳನ್ನು ಇಷ್ಟು ವರ್ಷ ತಡೆದಿತ್ತು. ಅಮ್ಮ ತೀರಿಕೊಂಡಾಗ ಅವಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ಉಸಿರು ನಿಂತ ಮೇಲೆ ಜಾರ್ಲತ್ ಫೋನ್ ಮಾಡಿ, "ಹಠಾತ್ತಾಗಿ ಆಗೋಯ್ತು, ನಿಂಗೆ ತಿಳಿಸೋಕೂ ಪುರುಸೊತ್ತಾಗ್ಲಿಲ್ಲ" ಅಂದಿದ್ದ. ಮಣ್ಣಿಗೆ ಬಂದಾಗ ಯಾರೋ ಹೆಂಗಸು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆಯನ್ನು ಪಾದ್ರಿ ಬಂದು ಮೂರು ದಿನ ಮುಂಚೆಯೇ ಹಚ್ಚಿದ್ದರು ಅಂದಳು. ಇನ್ನೊಬ್ಬಳು ಹಾಗೇನಿಲ್ಲ ಅಂದಳು. ಅಂದಿನಿಂದ ಅಕ್ಕತಮ್ಮಂದಿರ ಮಾತು ನಿಂತಿತ್ತು. ಈ ವರ್ಷ ಬಾವಿಯ ದಾರಿಗೆ ‘ಪ್ರಾಚೀನ ಯಾತ್ರಾಮಾರ್ಗ’ ಎಂದು ಬೋರ್ಡು ಬಿತ್ತು. ಯಾತ್ರಿಕರಿಗೆ ಹಂಚುವ ಕರಪತ್ರದಲ್ಲಿ ಬಾವಿ ಕಾಯುವವನೆಂದು ಜಾರ್ಲತ್‌ನ ಫೋಟೋ, ಅದರ ಕೆಳಗೆ ಅವನ ಮಾತು: ‘ಭಕ್ತಿ ಕಲಿಸಿದ್ದು ನಮ್ಮಮ್ಮ. ಅವಳು ಹೋಗುವಾಗ ಮನೆಯವರೆಲ್ಲ ಸುತ್ತ ನಿಂತಿದ್ದೆವು.’ ಅಟ್ರಾಕ್ಟಾ ಅದನ್ನು ಮೂರು ಸಲ ಓದಿ, ಬೀಳುವುದಿದ್ದರೆ ನನ್ನ ತಲೆಯ ಮೇಲೇ ಬೀಳಲಿ ಎಂದು ಅವತ್ತಿನಿಂದಲೇ ಉಪವಾಸ ಹಿಡಿದಳು.

ಎರಡನೆಯ ಎಡಸುತ್ತು ಮುಗಿಯುವ ಹೊತ್ತಿಗೆ ಇಪ್ಪತ್ತು ಜನ ಯಾತ್ರಿಕರು ಬಂದಿಳಿದರು. ಮುಂದೆ ಡಬ್ಲಿನ್ನಿನ ಗೈಡು ಫೀಕ್ರಾ, ಕೈಯಲ್ಲೊಂದು ಊರುಗೋಲು, ಕಾಲು ಮಾತ್ರ ಗಟ್ಟಿಮುಟ್ಟು. ಕರಿ ಕೋಟಿನ ಮುದುಕಿ ಜಪಮಾಲೆ ಹಿಡಿದು ಸುತ್ತುವುದನ್ನು ಕಂಡು ಅವನು ಪುಳಕಗೊಂಡ.

"ನಿಮ್ಮ ಪುಣ್ಯ ನೋಡಿ, ಇಲ್ಲಿಯವರೇ ಸಿಕ್ಕಿದ್ರು! ಗಲಾಟೆ ಮಾಡ್ಬೇಡಿ. ಅವರು ಹೆಂಗೆ ಹೋಗ್ತಾರೋ ಹಂಗೇ ಹಿಂದೆ ಹೋಗೋಣ" ಎಂದ.

"ನಿಮ್ಮ ಪಾಡಿಗೆ ನೀವು ಹೋಗ್ರಪ್ಪ!" ಎಂದು ಅಟ್ರಾಕ್ಟಾ ಗದರಿದಳು.

"ನೀವೇನೂ ತೊಂದ್ರೆ ತಗೋಬೇಡಿ ಅಮ್ಮಾ. ನಾವು ಸುಮ್ನೆ ಹಿಂದೆ ಬರ್ತೀವಿ."

ಇಪ್ಪತ್ತು ಜನ ಭಕ್ತಿಯಿಂದ ತಲೆ ಬಗ್ಗಿಸಿ ಎಡಸುತ್ತು ಹೊರಟರು. ಬರಲಿ ಬಿಡು, ಇಷ್ಟು ಜನ ಸೇರಿ ಸುತ್ತಿದರೆ ಜಾರ್ಲತ್ ಕ್ರಿಸ್‌ಮಸ್‌ವರೆಗೂ ಉಳಿಯಲಾರ ಎಂದುಕೊಂಡಳು ಅವಳು. ಆ ಯೋಚನೆ ಖುಷಿಯನ್ನೇ ಕೊಟ್ಟಿತು.

ಅಷ್ಟರಲ್ಲಿ ಜಾರ್ಲತ್ ರಬ್ಬರ್ ಬೂಟು ಹಾಕಿಕೊಂಡು, ಯಾತ್ರಿಕರಿಗೆಂದು ನಗು ತಯಾರು ಮಾಡಿಕೊಂಡು ಹೊಲ ಇಳಿದು ಬಂದ. ಸುತ್ತುವವರ ದಿಕ್ಕು ನೋಡಿದ. ಮುಂದಿರುವವಳು ಯಾರೆಂದು ನೋಡಿದ. ನಗು ಅಲ್ಲೇ ಆರಿಹೋಯಿತು. ಟೋಪಿ ತೆಗೆದು ಕೋಟಿನ ಜೇಬಿಗೆ ತುರುಕಿ ಬಲಸುತ್ತು ಶುರು ಮಾಡಿದ. ಏಳು ಎಡಸುತ್ತು ಮುಗಿಯುವುದರೊಳಗೆ ಏಳು ಬಲಸುತ್ತು ಬಂದರೆ ಶಾಪ ಅಳಿಯುತ್ತದೆ ಎಂದು ಇಬ್ಬರಿಗೂ ಅಮ್ಮನೇ ಹೇಳಿಕೊಟ್ಟಿದ್ದಳು.

ಬಾವಿಯ ಸುತ್ತಿನ ದಾರಿ ಇಕ್ಕಟ್ಟು. ಎದುರುಬದುರು ನಡೆದರೆ ಸುತ್ತಿಗೆ ಎರಡು ಸಲ ಮುಖ ನೋಡಲೇಬೇಕು. ಹರಕೆಯ ಬಟ್ಟೆಚೂರು ಕಟ್ಟುವ ಮುಳ್ಳುಮರದ ಹತ್ತಿರ ಒಮ್ಮೆ, ಚಪ್ಪಡಿಯ ಹತ್ತಿರ ಒಮ್ಮೆ.

"ಯಾರ ಹೆಸರಿಗೆ?" ಮುಳ್ಳುಮರದ ಹತ್ತಿರ ಜಾರ್ಲತ್ ಕೇಳಿದ.

"ಮನೇಲಿ ಕನ್ನಡಿ ಇಲ್ವಾ ನಿಂಗೆ?"

ಚಪ್ಪಡಿಯ ಹತ್ತಿರ ಮತ್ತೆ ಸಿಕ್ಕಿದ. "ನಾನೇನು ತಪ್ಪು ಮಾಡಿದೀನಿ ಅಂತ?"

"ಮಾಡಿಲ್ಲ ಅಂದ್ರೆ ನನ್ನ ತಲೆಗೇ ಬೀಳುತ್ತೆ. ನಿಂಗ್ಯಾಕೆ ಉರಿ? ಹೋಗಿ ಆಲೂಗಡ್ಡೆ ಬೇಯಿಸ್ಕೊ, ಹೋಗು."

ಫೀಕ್ರಾ ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದ. "ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ! ಎದುರಾದಾಗ ಒಂದೊಂದು ಮಂತ್ರ" ಎಂದು ಪಿಸುಗುಟ್ಟಿದ. ಕೂಡಲೇ ಒಂಬತ್ತು ಗಂಡಸರು ತಿರುಗಿ ಜಾರ್ಲತ್‌ನ ಹಿಂದೆ ಬಿದ್ದರು.

ಐದನೆಯ ಸುತ್ತಿನಲ್ಲಿ ಅಟ್ರಾಕ್ಟಾಳಿಗೆ ಒಂದು ವಿಷಯ ಹೊಳೆಯಿತು. ತಪ್ಪು ಮಾಡಿರದಿದ್ದರೆ ಮನೆಗೆ ಹೋಗಿಬಿಡುತ್ತಿದ್ದ. ಇವನು ಹೋಗಿಲ್ಲ. ಕಿವಿ ಕೆಂಪಾಗಿಸಿಕೊಂಡು, ಏದುಸಿರು ಬಿಡುತ್ತ ಸುತ್ತುತ್ತಲೇ ಇದ್ದಾನೆ.

"ಮನೆಯವ್ರೆಲ್ಲ ಸುತ್ತ ನಿಂತಿದ್ರಂತೆ. ಯಾವ ಮನೆಯವ್ರೋ? ನಿನ್ನ ನಾಯಿನಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

"ಅದು ಕರಪತ್ರದವ್ರು ಬರ್ಕೊಂಡಿದ್ದು."

"ಸುಳ್ಳ! ನಂಗೀಗ ಗೊತ್ತಾಯ್ತು ಕಣೋ. ನಿನ್ನ ಕಾಲೇ ಹೇಳ್ತಿದೆ."

ತಮ್ಮನ ಏಳು ತುಂಬುವ ಮೊದಲೇ ಏಳನೆಯ ಸುತ್ತು ಮುಗಿಸಿ ಅವಳು ಉಸಿರಿಗಾಗಿ ಗೋಡೆ ಹಿಡಿದುಕೊಂಡಳು. ಇದೇ ಕೊನೆಯ ವಿಧಿ ಇರಬೇಕೆಂದು, ಹಿಂದಿದ್ದ ಕೆಂಪು ಜಾಕೆಟ್ಟಿನ ಜರ್ಮನ್ ಹೆಂಗಸು ಕಣ್ಣು ಮುಚ್ಚಿ ಗುಂಡುಕಲ್ಲಿಗೆ ಕೈ ಚಾಚಿದಳು.

"ಮುಟ್ಬೇಡ!"

ಅಕ್ಕ, ತಮ್ಮ ಇಬ್ಬರೂ ಒಟ್ಟಿಗೇ ಕೂಗಿದ್ದರು. ಹೆಂಗಸು ಬೆಚ್ಚಿ ಹಿಂದೆ ಸರಿದಳು. ಇದು ಜಪವಲ್ಲ, ಜಗಳ ಎಂದು ಫೀಕ್ರಾನಿಗೆ ಆಗ ಅರ್ಥವಾಯಿತು. ತನ್ನ ಮಂದೆಯನ್ನು ಚರ್ಚಿನ ಗೋಡೆಯತ್ತ ಹೊಡೆದುಕೊಂಡು ಹೋದ.

ಅಟ್ರಾಕ್ಟಾ ಎರಡೂ ಕೈಯನ್ನು ಕಲ್ಲಿನ ಮೇಲಿಟ್ಟಳು. "ಅಮ್ಮ ಹೋಗ್ತಾಳೆ ಅಂತ ಎಷ್ಟು ದಿನ ಮುಂಚೆ ಗೊತ್ತಿತ್ತು ನಿಂಗೆ?"

ಜಾರ್ಲತ್ ಕಲ್ಲನ್ನೇ ನೋಡಿದ. "ನಾಲ್ಕು ದಿನ."

"ನನ್ನ ಕೇಳಿದ್ಲಾ?"

"ದಿನಾ ಕೇಳಿದ್ಲು."

"ದಿನಾ ಕೇಳಿದ್ಲು, ನೀನು ನಂಗೊಂದು ಫೋನ್ ಮಾಡ್ಲಿಲ್ಲ!"

"ಮಾಡ್ಲಿಲ್ಲ. ಬೇಕಂತ್ಲೇ ಮಾಡ್ಲಿಲ್ಲ." ಅವನ ದನಿ ಏರಿತು. "ಹನ್ನೊಂದು ವರ್ಷ ಎತ್ತಿ ಇಳ್ಸಿದ್ದು ನಾನು, ಹೇಲು ಬಳಿದಿದ್ದು ನಾನು. ನೀನು ವರ್ಷಕ್ಕೊಂದು ಕಾರ್ಡು ಹಾಕ್ತಿದ್ದೆ. ಆ ಕಾರ್ಡುಗಳನ್ನ ದಿಂಬಿನಡಿ ಇಟ್ಕೊಂಡು ಮಲಗ್ತಿದ್ಲು. ನೀನು ಬಾಗ್ಲಲ್ಲಿ ಬಂದು ನಿಂತಿದ್ರೆ, ನಾನು ಆ ಮನೇಲಿ ಇದ್ದಿದ್ದೇ ಅವಳಿಗೆ ಮರ್ತೋಗ್ತಿತ್ತು. ಕೊನೇ ನಾಲ್ಕು ದಿನ ನಂಗಿರ್ಲಿ ಅಂದ್ಕೊಂಡೆ. ತಿರುಗ್ಸು ಹೋಗು. ನಿನ್ನ ತಲೆಗೆ ಬೀಳಲ್ಲ."

ಹತ್ತೊಂಬತ್ತು ವರ್ಷ ಕಾದಿದ್ದ ಮಾತು ಸಿಕ್ಕಿತ್ತು. ಇನ್ನು ಭಯವಿರಲಿಲ್ಲ. ಅಂಗೈಯನ್ನು ಒಂದಿಷ್ಟು ಎಡಕ್ಕೆ ಎಳೆದರೆ ಆಯಿತು. ಅವನನ್ನು ಕೊಲ್ಲುವಷ್ಟು ಸಿಟ್ಟು ಅವಳಿಗೆ ನಿಜವಾಗಿಯೂ ಇತ್ತು. ಆದರೆ ಆ ನಾಲ್ಕು ದಿನ ಇವನೊಬ್ಬನ ಹತ್ತಿರ ಮಾತ್ರ ಇವೆ. ಈ ದರಿದ್ರದವನು ವರ್ಷದೊಳಗೆ ಸತ್ತರೆ ಅವೂ ಇವನ ಜೊತೆಗೇ ಹೋಗುತ್ತವೆ.

"ಕೂತ್ಕೊ" ಅಂದಳು.

"ಏನು?"

"ಕೂತ್ಕೊಂಡು ಹೇಳು. ಮೊದಲ್ನೇ ದಿನದಿಂದ. ಏನು ತಿಂದ್ಲು, ಏನಂದ್ಲು, ಯಾವ ಮಗ್ಗುಲಾಗಿ ಮಲಗಿದ್ಲು. ನಾಲ್ಕು ದಿನಾನೂ ನಂಗೆ ಬೇಕು. ಎಲ್ಲಾದ್ರೂ ಒಂದು ಸುಳ್ಳು ಸೇರಿಸಿದ್ಯೋ, ಕಲ್ಲು ತಿರುಗಿಸ್ತೀನಿ."

"ಹಂಗಂದ್ರೆ ಕ್ಷಮಿಸ್ದೆ ಅಂತನಾ?"

"ಕ್ಷಮೆಯಂತೆ, ನಿನ್ನ ತಲೆ! ಶುರು ಮಾಡು."

ಅವನು ಚಪ್ಪಡಿಯ ಅಂಚಿಗೆ ಕೂತು ಬೂಟಿನ ಕೆಸರು ಕೆರೆದ.

"ಸೋಮವಾರ ಬೆಳಿಗ್ಗೆ ಮೊಟ್ಟೆ ಬೇಕು ಅಂದ್ಲು. ಮೆತ್ತಗೆ ಬೇಯಿಸಿ ಕೊಟ್ಟೆ. ಒಂದು ಚಮಚ ತಿಂದು ನನ್ನ ಮುಖ ನೋಡಿ, ‘ಉಪ್ಪು ಕಮ್ಮಿ ಕಣೇ ಅಟ್ರಾಕ್ಟಾ’ ಅಂದ್ಲು. ನಾನು, ‘ತಂದ್ಕೊಡ್ತೀನಿ ಇರಮ್ಮಾ’ ಅಂದೆ. ನಾಲ್ಕು ದಿನವೂ ನಿನ್ನ ಹೆಸರಿಗೇ ಓಗೊಟ್ಟೆ."

ಅಟ್ರಾಕ್ಟಾ ಕಲ್ಲಿನ ಮೇಲಿನ ಕೈ ತೆಗೆಯಲಿಲ್ಲ.

"ಉಪ್ಪು ಹಾಕಿದ್ಮೇಲೆ ತಿಂದ್ಲಾ?" ಎಂದು ಕೇಳಿದಳು.