ಮೊಮ್ಮಗಳ ಬೆನ್ನಿಗೆ ಸಿಕ್ಕ ಸೀಟು

ನನ್ನ ಅಮ್ಮ ಮತ್ತು ನನ್ನ ಮಗಳು ಒಂದೇ ದಿನ, ಒಂದೇ ಕಾಲೇಜಿನ ಒಂದೇ ತರಗತಿಗೆ ಸೇರಿದರು. ಅಮ್ಮನಿಗೆ ಎಪ್ಪತ್ತೊಂದು ವರ್ಷ, ಮಗಳು ಟೇಟಮ್‌ಗೆ ಹದಿನಾಲ್ಕು. ನಡುವೆ ನಾನೊಬ್ಬಳು, ಇಬ್ಬರಿಗೂ ಬುತ್ತಿ ಕಟ್ಟಿಕೊಡುವವಳು.

ಶುರು ಮಾಡಿದ್ದು ಟೇಟಮ್. ಹಳೆಯ ನೇಗಿಲ ಗುಳ, ಸರಪಳಿ, ತಗಡು ಎಲ್ಲ ಬೆಸೆದು ಆಳೆತ್ತರದ ಕೊಕ್ಕರೆ ಮಾಡುವ ಹೆಂಗಸೊಬ್ಬಳ ವಿಡಿಯೋವನ್ನು ಫೋನಿನಲ್ಲಿ ನೋಡಿದಳು, ಅಷ್ಟೆ. ಮರುದಿನದಿಂದ ನಮ್ಮ ಮನೆಯಲ್ಲಿ ವೆಲ್ಡಿಂಗ್ ಬಿಟ್ಟು ಬೇರೆ ಮಾತಿಲ್ಲ. ಅವಳ ಹೈಸ್ಕೂಲಿನಲ್ಲಿ ಅದನ್ನು ಕಲಿಸುವುದಿಲ್ಲ. ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಕಲಿಸುತ್ತಾರೆ.

ಯಾರಿಗೂ ಬಾಗಿಲು ಹಾಕದ ಕಾಲೇಜು ಎಂದು ನೆಬ್ರಾಸ್ಕಾದ ನಮ್ಮ ಕಡೆ ಅದಕ್ಕೆ ಹೆಸರು. ಬಾಗಿಲು ಹಾಕುವುದಿಲ್ಲ ನಿಜ, ಆದರೆ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು. ಹೈಸ್ಕೂಲು ಮುಗಿಸಿದವರು ನೇರ ಒಳಗೆ ಹೋಗಬಹುದು. ಹದಿನಾರು ತುಂಬಿದ ಮಕ್ಕಳು ಶಾಲೆಯ ಒಪ್ಪಿಗೆ ತಂದರೆ ಸಾಕು. ಅದಕ್ಕಿಂತ ಚಿಕ್ಕವರದು ವಿಶೇಷ ವರ್ಗ. ಅವರು ಡೀನ್ ಎದುರು ಕೂತು ಮಾತಾಡಬೇಕು. ಬೆಂಕಿ, ಯಂತ್ರ ಇರುವ ತರಗತಿಯಾದರೆ ಮನೆಯ ದೊಡ್ಡವರೊಬ್ಬರು ಅದೇ ತರಗತಿಗೆ ಹೆಸರು ಕೊಟ್ಟು ಮಗುವಿನ ಪಕ್ಕದಲ್ಲೇ ಇರಬೇಕು.

ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು, ತರಗತಿಯ ಹೊತ್ತಿಗೆ ಕ್ಲಿನಿಕ್ ಬಿಟ್ಟು ಬರುವಂತಿಲ್ಲ. ನನ್ನ ಗಂಡ ಲಾರಿ ಓಡಿಸುತ್ತಾನೆ, ಯಾವ ಸಂಜೆ ಯಾವ ರಾಜ್ಯದಲ್ಲಿರುತ್ತಾನೋ ಅವನಿಗೇ ತಿಳಿಯದು. ಉಳಿದದ್ದು ಅಮ್ಮ.

ಅಮ್ಮನ ಹೆಸರು ಆರ್ಡಿತ್. ಚೆಂಡು ಉರುಳಿಸಿ ಗೂಟ ಬೀಳಿಸುವ ಊರಿನ ಬೌಲಿಂಗ್ ಅಂಗಳದ ಕೌಂಟರಿನಲ್ಲಿ ಜನರಿಗೆ ಬಾಡಿಗೆ ಬೂಟು ಕೊಟ್ಟುಕೊಂಡೇ ನಿವೃತ್ತಳಾದವಳು. ಇಸ್ಪೀಟಿನಲ್ಲಿ ನಾಚಿಕೆಯಿಲ್ಲದೆ ಮೋಸ ಮಾಡುತ್ತಾಳೆ, ಪ್ರತಿ ಶುಕ್ರವಾರ ಹೋಗಿ ಕೂದಲಿಗೆ ಸುರುಳಿ ಹಾಕಿಸಿಕೊಂಡು ಬರುತ್ತಾಳೆ. ಹೈಸ್ಕೂಲಿನ ಹನ್ನೊಂದನೆಯ ತರಗತಿಯಲ್ಲಿದ್ದಾಗ ಹೊಟ್ಟೆಯಲ್ಲಿ ನನ್ನ ಅಣ್ಣ ಇದ್ದಾನೆಂದು ಗೊತ್ತಾಗಿ ಶಾಲೆಯವರು ಅವಳನ್ನು ಮನೆಗೆ ಕಳಿಸಿದ್ದರು. ಆ ಕಾಲದಲ್ಲಿ ಹಾಗೆಯೇ ಇತ್ತು. ಅವಳು ಅದನ್ನು ಯಾವತ್ತೂ ಅತ್ತುಕೊಂಡು ಹೇಳಿದವಳಲ್ಲ. ಆದರೆ ನನ್ನ ಪದವಿ ದಿನದ ಗೌನನ್ನು ನನಗಿಂತ ಹೆಚ್ಚು ಹೊತ್ತು ತೊಟ್ಟುಕೊಂಡಿದ್ದವಳು ಅವಳೇ.

ಡೀನ್ ಹಾಲ್ವರ್ಸನ್ ಅವರದು ಉದ್ದ ಮುಖ, ಮೆಲ್ಲನೆಯ ಮಾತು. ಟೇಟಮ್‌ಳನ್ನು ಏನೇನೋ ಕೇಳಿದರು. ಅವಳು ಕೊಕ್ಕರೆಯ ಕಥೆಯನ್ನು ಉಸಿರು ಬಿಡದೆ ಹೇಳಿದಳು. ಆಮೇಲೆ ಅಮ್ಮನ ಕಡೆ ತಿರುಗಿದರು.

"ನೀವು ಪಕ್ಕದಲ್ಲಿ ಕೂತು ನೋಡ್ಕೊಂಡ್ರೆ ಸಾಕು ಆರ್ಡಿತ್ ಅವ್ರೇ. ಕಲೀಲೇಬೇಕು ಅಂತೇನಿಲ್ಲ."

"ಸರ್, ಬೌಲಿಂಗ್ ಅಂಗಳದಲ್ಲಿ ಅರ್ಧ ಆಯುಸ್ಸು ಬೇರೆಯವರು ಆಡೋದನ್ನೇ ನೋಡಿದೀನಿ," ಎಂದಳು ಅಮ್ಮ. "ನೋಡಿದ್ದು ಸಾಕು."

ಡೀನ್ ಮೊದಲ ಸಲ ನಕ್ಕರು. ಅಜ್ಜಿ ಮೊಮ್ಮಗಳಿಗೆ ಸೇರಿ ಒಂದೇ ಬೂತು ಕೊಟ್ಟರು. ಪರದೆ ಕಟ್ಟಿದ, ಮೇಜಿನಷ್ಟು ಅಗಲದ ಜಾಗ ಅದು.

ಮೊದಲ ದಿನ ಇಬ್ಬರೂ ಚರ್ಮದ ಅಂಗಿ, ಗಟ್ಟಿ ಬೂಟು ತೊಟ್ಟು ಹೊರಟಾಗ ನಾನು ಫೋಟೋ ತೆಗೆಯಲು ಹೋಗಿ ನಗು ತಡೆಯಲಾರದೆ ಬರೀ ನನ್ನ ಹೆಬ್ಬೆರಳಿನ ಫೋಟೋ ತೆಗೆದೆ. ತರಗತಿಯಲ್ಲಿ ಸ್ವೊಬೊಡಾ ಮೇಷ್ಟ್ರು ಎಲ್ಲರಿಗೂ ಒಂದೊಂದು ಕಬ್ಬಿಣದ ತಗಡು ಕೊಟ್ಟು ಅದರ ಮೇಲೆ ಬೆಸುಗೆಯ ನೇರ ಗೆರೆ ಎಳೆಯಲು ಹೇಳಿದರಂತೆ. ಅಮ್ಮ ಎಳೆದ ಗೆರೆಯನ್ನು ಬಗ್ಗಿ ನೋಡಿ, ಕೋಳಿ ಹಿಕ್ಕೆ ಹಾಕಿಕೊಂಡು ಹೋದ ಹಾಗಿದೆ ಎಂದರಂತೆ. ಅಮ್ಮನಿಗೆ ನಗು ಉಕ್ಕಿ, ಮುಖಕ್ಕೆ ಹಾಕಿದ್ದ ಹೆಲ್ಮೆಟ್ಟಿನ ಗಾಜಿಗೆಲ್ಲ ಹಬೆ ಕೂತು, ಎದುರಿಗಿದ್ದ ಗೋಡೆಯೂ ಕಾಣದಂತಾಗಿ, ಆಮೇಲೆ ಇಡೀ ತರಗತಿ ನಕ್ಕಿತಂತೆ. ಇದನ್ನು ಅವಳು ಮನೆಗೆ ಬಂದು ನಿಂತಲ್ಲೇ ಅಭಿನಯಿಸಿ ತೋರಿಸಿದಳು. ಆ ವಾರ ಹಾಕಿಸಿದ್ದ ಸುರುಳಿ ಹೆಲ್ಮೆಟ್ಟಿನ ಅಡಿಯಲ್ಲಿ ದೋಸೆಯಾಗಿತ್ತು. ಅವಳ ಗಮನ ಅತ್ತ ಇರಲೇ ಇಲ್ಲ.

ಅಲ್ಲಿಂದ ಅಮ್ಮನಿಗೆ ಹುಚ್ಚು ಹಿಡಿಯಿತು. ಊಟದ ನಡುವೆ ಚಮಚವನ್ನು ವೆಲ್ಡಿಂಗ್ ಕಡ್ಡಿಯಂತೆ ಓರೆಯಾಗಿ ಹಿಡಿದು ಮೇಜಿನ ಅಂಚಿನುದ್ದಕ್ಕೂ ಸರಿಸುತ್ತಿದ್ದಳು. ಚರ್ಚಿನಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅವಳ ಬಲಗೈ ಮಾತ್ರ ತೊಡೆಯ ಮೇಲೆ ಮೆಲ್ಲಗೆ ತೆವಳುತ್ತಿತ್ತು. ಕೋಳಿ ಹಿಕ್ಕೆ ಹೋಗಿ ಹುಳುವಿನಂತಾಯಿತು, ಹುಳು ಹೋಗಿ ಹಗ್ಗದಂತಾಯಿತು. ಗೆರೆಯ ಮೇಲೆ ಕೂತ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿದಾಗ ಅದು ಇಡಿಯಾಗಿ ಕಳಚಿ ಬೀಳುತ್ತದಲ್ಲ, ಆ ಸುಖದ ಮುಂದೆ ಬೇರೇನೂ ಇಲ್ಲ ಎನ್ನುತ್ತಿದ್ದಳು. ಅಪ್ಪನನ್ನು ಮದುವೆಯಾದ ದಿನವೂ ಇಷ್ಟು ಖುಷಿ ಇರಲಿಲ್ಲವಂತೆ. ಅಪ್ಪ ತೀರಿಕೊಂಡು ಬಹಳ ಕಾಲವಾಗಿದ್ದರಿಂದ ನಾನು ಆ ಮಾತನ್ನು ಬೆಳೆಸಲಿಲ್ಲ.

ಅತ್ತ ಟೇಟಮ್‌ಗೆ ಬೇಸರ ಬಂದಿತ್ತು. ಸೆಖೆ, ಹೊಗೆಯ ವಾಸನೆ, ಕೈಗವಸಿನೊಳಗೆ ಬೆವರು. ಕೊಕ್ಕರೆ ಇರಲಿ, ಒಂದು ಚೌಕ ಮಾಡುವುದಕ್ಕೂ ತಿಂಗಳುಗಟ್ಟಲೆ ಗೆರೆ ಎಳೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಶಾಲೆಯ ಗಾಯನ ತಂಡದ ಟೀಚರು ಅವಳ ಕಂಠ ಕೇಳಿ ಕರೆದಿದ್ದರು. ತಂಡದ ಅಭ್ಯಾಸವೂ ಅದೇ ಸಂಜೆಗಳಲ್ಲಿ. ಒಂದು ದಿನ ಮಾಂಸ, ಕಾಳು ಬೇಯಿಸಿದ ಚಿಲಿಯ ಬಟ್ಟಲು, ಸಿಹಿಯಾದ ದಾಲ್ಚಿನ್ನಿ ರೋಲು ಮುಂದಿಟ್ಟುಕೊಂಡು ಮೂವರೂ ಕೂತಿದ್ದಾಗ, ವೆಲ್ಡಿಂಗ್ ಬಿಡುತ್ತೇನೆ ಎಂದು ಹೇಳಿಬಿಟ್ಟಳು.

ಅಮ್ಮನ ಕೈಯಲ್ಲಿದ್ದ ರೋಲು ಚಿಲಿಯೊಳಕ್ಕೆ ಬಿತ್ತು.

ಮಗು ಬಿಟ್ಟರೆ ಬೂತು ಹೋಯಿತು, ಅಜ್ಜಿಯೂ ಹೊರಗೆ. ಅಮ್ಮ ಮೊದಲು ಲಂಚಕ್ಕಿಳಿದಳು. ಸಿಹಿ ಪ್ಯಾನ್‌ಕೇಕು ಮಾಡಿಕೊಡುತ್ತೇನೆ ಎಂದಳು, ಮೆಕ್ಕೆಜೋಳದ ಹೊಲದ ಪಕ್ಕದ ಮಣ್ಣುದಾರಿಯಲ್ಲಿ ತನ್ನ ಕಾರು ಓಡಿಸಲು ಕೊಡುತ್ತೇನೆ ಎಂದಳು. ನಾನು ಕಣ್ಣು ಬಿಟ್ಟೆ. ಟೇಟಮ್ ಎರಡಕ್ಕೂ ಒಪ್ಪಿ, ತರಗತಿಗೆ ಹೋಗಿ, ಮೂಲೆಯ ಸ್ಟೂಲಿನಲ್ಲಿ ಕೂತು ಹಾಡಿನ ಸಾಲು ಉರುಹೊಡೆದಳು. ಅಜ್ಜಿ ಒಬ್ಬಳೇ ಕಿಡಿ ಹಾರಿಸಿದಳು. ಸ್ವೊಬೊಡಾ ಮೇಷ್ಟ್ರಿಗೆ ಕಣ್ಣಿಲ್ಲವೆ? ಅವರು ಒಳ್ಳೆಯವರು, ಆದರೆ ಕೆಲಸ ಮಾಡದ ಹುಡುಗಿ ಮಾಡಿದಳು ಎಂದು ಬರೆಯಲು ತಯಾರಿರಲಿಲ್ಲ. ನೇರ ಡೀನ್ ಹತ್ತಿರ ಹೋಗಿ ಅಂದರು.

ಹೋದೆವು, ಮೂವರೂ. ಡೀನ್ ಬೇಸರದಿಂದಲೇ ನಿಯಮ ಹೇಳಿದರು. ಅರವತ್ತೈದು ದಾಟಿದವರಿಗೆ ಓದಿನ ಪ್ರಮಾಣಪತ್ರ ಬೇಡ, ಫೀಸೂ ಇಲ್ಲ. ಆದರೆ ಅವರು ತರಗತಿ ಶುರುವಾಗುವ ವಾರದಲ್ಲೇ ಸೇರಬೇಕು. ಅಮ್ಮ ಆಗ ಹೆಸರು ಕೊಟ್ಟಿದ್ದು ಮಗುವಿನ ಜೊತೆಗಿರುವ ದೊಡ್ಡವಳಾಗಿ ಮಾತ್ರ, ಈಗ ಆ ವಾರ ಕಳೆದಿದೆ. ಈಗ ಬೂತು ಖಾಲಿಯಾದರೆ ಅದು ಸಿಗುವುದು ಪೂರ್ತಿ ಕೋರ್ಸು ಮಾಡುವ ವಿದ್ಯಾರ್ಥಿಗೆ. ಪೂರ್ತಿ ಕೋರ್ಸಿಗೆ ಹೈಸ್ಕೂಲು ಮುಗಿದಿರಬೇಕು. ಮುಗಿಯದವರಿಗೂ ಒಂದು ದಾರಿ ಇತ್ತು. ಓದು ಮತ್ತು ಲೆಕ್ಕದಲ್ಲಿ ಒಂದು ಪರೀಕ್ಷೆ ಬರೆದು, ಕಾಲೇಜಿನಿಂದ ತಮಗೆ ಉಪಯೋಗವಾಗುತ್ತದೆಂದು ತೋರಿಸಬೇಕು.

"ಎಪ್ಪತ್ತೊಂದರಲ್ಲಿ ಉಪಯೋಗ ಆಗ್ದಿದ್ರೆ ಇನ್ಯಾವಾಗ ಆಗುತ್ತೆ ಸರ್?" ಎಂದು ಅಮ್ಮ ಕೇಳಿದಳು.

ಆರ್ಡಿತ್ ಅವರು ಪರೀಕ್ಷೆ ಪಾಸಾಗುವವರೆಗೆ ಟೇಟಮ್ ಬೂತು ಬಿಡದಿದ್ದರೆ, ಬಿಟ್ಟ ಕೂಡಲೇ ಅದು ಅವರದಾಗಬಹುದು ಎಂದು ಹೇಳಿ ಡೀನ್ ಎದ್ದು ಕೈಕುಲುಕಿದರು. ಟೇಟಮ್ ನೆಲ ನೋಡುತ್ತಿದ್ದಳು. ಬೂತು ಬಿಡದಿರುವುದೆಂದರೆ ನಿಜವಾಗಿ ಕೆಲಸ ಮಾಡುವುದು, ಗಾಯನದ ಅಭ್ಯಾಸ ತಪ್ಪಿಸಿಕೊಳ್ಳುವುದು. ಒತ್ತಾಯ ಮಾಡಬಾರದೆಂದು ನಾನು ತುಟಿ ಕಚ್ಚಿಕೊಂಡಿದ್ದೆ. ಕಾರಿನಲ್ಲಿ ಹಿಂದಿನ ಸೀಟಿನಿಂದ ಅವಳೇ ಕೇಳಿದಳು.

"ಅಜ್ಜಿ, ಭಿನ್ನರಾಶಿ ಬರುತ್ತಾ ನಿಂಗೆ?"

"ಬರ್ತಿತ್ತು. ನಿಮ್ಮ ಮಾವ ಹುಟ್ಟಿದ ಮೇಲೆ ಮರ್ತೋಯ್ತು."

"ಸರಿ, ನಾಳೆಯಿಂದ ಹೇಳ್ಕೊಡ್ತೀನಿ. ಆದ್ರೆ ಮೋಸ ಮಾಡಂಗಿಲ್ಲ."

ಮರುದಿನದಿಂದ ನಮ್ಮ ಅಡುಗೆಮನೆ ಶಾಲೆಯಾಯಿತು. ಟೇಟಮ್‌ಳಷ್ಟು ಕಟ್ಟುನಿಟ್ಟಿನ ಮೇಷ್ಟ್ರನ್ನು ನಾನು ಕಂಡಿಲ್ಲ. ಕೆಳಗಿನ ಅಂಕಿ ದೊಡ್ಡದಾದಷ್ಟೂ ತುಂಡು ಚಿಕ್ಕದು ಎಂದು ಅವಳು ಹೇಳಿ ಹೇಳಿ ಸುಸ್ತಾದಳು. ಅಮ್ಮನ ತಲೆಗೆ ಅದು ಇಳಿಯಲಿಲ್ಲ. ಕೊನೆಗೆ ಅಮ್ಮನೇ ದಾಲ್ಚಿನ್ನಿ ರೋಲನ್ನು ಮುಂದೆಳೆದುಕೊಂಡು, "ತಿನ್ನೋರು ಜಾಸ್ತಿ ಆದ್ರೆ ಪಾಲು ಕಮ್ಮಿ ಅಂತ ಹೇಳ್ಬಾರ್ದಾ? ಪುಸ್ತಕದೋರಿಗೆ ಸುತ್ತಿ ಬಳಸೋದೇ ಅಭ್ಯಾಸ," ಎಂದಳು. ಅಲ್ಲಿಂದ ಲೆಕ್ಕ ಓಡಿತು. ರೋಲುಗಳೂ ಓಡಿದವು. ನನ್ನ ಸ್ಕರ್ಟು ಬಿಗಿಯಾಯಿತು. ಇಬ್ಬರೂ ಮೇಜಿನ ಮೇಲೆ ಬಗ್ಗಿ ಒಬ್ಬರ ತಪ್ಪಿಗೆ ಇನ್ನೊಬ್ಬರು ಕಿಸಕ್ಕನೆ ನಗುವುದನ್ನು ಕೇಳುತ್ತ ಪಾತ್ರೆ ತೊಳೆಯುವಾಗ, ಈ ಪರೀಕ್ಷೆ ಬೇಗ ಬರದಿರಲಿ ಎಂದೂ ನನಗೆ ಒಮ್ಮೊಮ್ಮೆ ಅನಿಸಿತು.

ಮೊದಲ ಸಲ ಅಮ್ಮ ಓದಿನಲ್ಲಿ ಪಾಸಾದಳು, ಲೆಕ್ಕದಲ್ಲಿ ಬಿದ್ದಳು. ಕಾರಿಗೆ ಬಂದು ಕೂತು ಸೀಟಿನ ಬೆಲ್ಟು ಹಾಕಿಕೊಂಡಳು. ಆಮೇಲೆ, ನಾನು ಬಿಟ್ಟುಬಿಡುತ್ತೇನೆ, ಮಗು ಹಾಡಿಗೆ ಹೋಗಲಿ, ಎಂದು ಮೆಲ್ಲಗೆ ಹೇಳಿದಳು. ಟೇಟಮ್ ಹಿಂದಿನಿಂದ ಅಜ್ಜಿಯ ಕುತ್ತಿಗೆ ತಬ್ಬಿಕೊಂಡಳು.

"ಲೆಕ್ಕ ಸ್ವಲ್ಪದ್ರಲ್ಲಿ ತಪ್ಪಿದೆ ಅಷ್ಟೇ. ಇನ್ನೊಂದು ಸಲ ಬರಿ. ಹಾಡಿನ ಟೀಚರ್‌ಗೆ ಇನ್ನೊಂದು ವಾರ ಕಾಯಿರಿ ಅಂತ ಹೇಳಿದೀನಿ, ಕಾಯ್ತಾರೆ."

ಎರಡನೆಯ ಸಲ ನಾನು ರಜೆ ಹಾಕಿದೆ. ಟೇಟಮ್ ಮತ್ತು ನಾನು ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಗಾಜು ಇಳಿಸಿಕೊಂಡು ಕಾದೆವು. ಗಾಳಿಗೆ ಎಲ್ಲರ ಟೋಪಿ ಹಾರುವ ದಿನ. ಬಾಗಿಲು ತೆರೆದು ಅಮ್ಮ ಹೊರಬಂದಳು, ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಮೇಲೆತ್ತಿದಳು. ಟೇಟಮ್ ಕಾರಿನ ಬಾಗಿಲೂ ಹಾಕದೆ ಓಡಿದಳು. ನಾನು ಕೀಲಿ ಮರೆತು ಓಡಿದೆ. ಕಾರುಗಳ ಸಾಲಿನ ನಡುವೆ ಮೂರು ತಲೆಮಾರು ಕೈಹಿಡಿದು ಗಿರಗಿರ ತಿರುಗಿದೆವು. ಹಾದು ಹೋದ ಹುಡುಗನೊಬ್ಬ, ಲಾಟರಿ ಬಂತಾ ಎಂದು ಕೇಳಿದ. ಅಮ್ಮ ಅವನನ್ನೂ ಎಳೆದುಕೊಂಡು ಒಂದು ಸುತ್ತು ತಿರುಗಿಸಿ ಬಿಟ್ಟಳು.

ಅದೇ ಖುಷಿಯಲ್ಲಿ ಪ್ರವೇಶದ ಕೌಂಟರಿಗೆ ಹೋದೆವು. ಅಲ್ಲಿದ್ದ ಲೊರೀನ್ ಎಂಬ ಹೆಂಗಸು ಕಂಪ್ಯೂಟರು ಕೇಳಿದ್ದನ್ನೆಲ್ಲ ಅಮ್ಮನಿಗೆ ಕೇಳುತ್ತ ಹೋದಳು. ಹೈಸ್ಕೂಲು ಬಿಟ್ಟ ವರ್ಷ ಕೇಳಿದಳು, ಅಮ್ಮ ಹೇಳಿದಳು. ಬಿಡಲು ಕಾರಣ ಏನೆಂದು ಕೇಳಿದಳು.

"ಗಂಡು ಮಗು," ಎಂದಳು ಅಮ್ಮ. "ನಾಲ್ಕು ಕಿಲೋ ಇತ್ತು."

ಲೊರೀನ್ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಆಮೇಲೆ ಅವಳಿಗೆ ನಗು ಬಂತು, ನನಗೂ ಬಂತು. ನಗುತ್ತಲೇ ಅವಳ ಕಣ್ಣು ತೇವವಾದದ್ದು ಕಂಡು ನಾನು ಗೋಡೆಯ ಕಡೆ ತಿರುಗಿದೆ. ತನ್ನ ತಾಯಿಯನ್ನೂ ಹಾಗೇ ಮನೆಗೆ ಕಳಿಸಿದ್ದರೆಂದು ಲೊರೀನ್ ಹೇಳಿದಳು. ಅಮ್ಮ ಕೌಂಟರಿನ ಆಚೆ ಕೈ ಚಾಚಿ ಅವಳ ಕೆನ್ನೆ ತಟ್ಟಿ, ಅವರನ್ನೂ ಕರ್ಕೊಂಡು ಬಾ, ಲೆಕ್ಕ ನಾನು ಹೇಳ್ಕೊಡ್ತೀನಿ ಎಂದಳು.

ಟೇಟಮ್ ಅಂದೇ ವೆಲ್ಡಿಂಗ್ ಬಿಟ್ಟು ಗಾಯನ ತಂಡ ಸೇರಿದಳು. ಬೂತು ಅಮ್ಮನದಾಯಿತು. ಡಿಸೆಂಬರಿನಲ್ಲಿ ಬೆಸುಗೆಯ ಪರೀಕ್ಷೆ. ಎರಡು ತಗಡು ಸೇರಿಸಿ ಬೆಸೆದು, ಆ ಪಟ್ಟಿಯನ್ನು ಯಂತ್ರದಲ್ಲಿ ಕುದುರೆ ಲಾಳದಂತೆ ಬಗ್ಗಿಸುತ್ತಾರೆ. ಬಿರುಕು ಬಿಟ್ಟರೆ ಕಥೆ ಮುಗಿಯಿತು. ಮನೆಯವರು ಬರಬಹುದೆಂದು ಸ್ವೊಬೊಡಾ ಮೇಷ್ಟ್ರು ಹೇಳಿದ್ದರು. ಅಮ್ಮನ ಸರದಿ ಬಂದಾಗ ತರಗತಿಯ ಹುಡುಗರೆಲ್ಲ ತಮ್ಮ ಕೆಲಸ ಬಿಟ್ಟು ಸುತ್ತ ನಿಂತರು. ಯಂತ್ರ ನಿಧಾನವಾಗಿ ಒತ್ತಿತು. ಕಬ್ಬಿಣ ಬಾಗುತ್ತ ಬಾಗುತ್ತ ಹೋಯಿತು. ಟೇಟಮ್ ನನ್ನ ತೋಳು ಹಿಂಡುತ್ತಿದ್ದಳು. ಅಮ್ಮ ಮಾತ್ರ ಒಲೆಯ ಮೇಲಿನ ಹಾಲು ನೋಡುವವಳಂತೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಮೇಷ್ಟ್ರು ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಹಿಡಿದರು, ಬೆರಳಾಡಿಸಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಎಲ್ಲೂ ಒಂದು ಕೂದಲೆಳೆಯ ಬಿರುಕಿಲ್ಲ.

ಹುಡುಗರು ಹಾಕಿದ ಕೇಕೆಗೆ ಪಕ್ಕದ ನರ್ಸಿಂಗ್ ತರಗತಿಯವರು ಏನು ಅನಾಹುತವಾಯಿತೋ ಎಂದು ಓಡಿ ಬಂದರು.

ಚಳಿಗಾಲ ಕಳೆಯುವುದರೊಳಗೆ, ದನದ ಕೊಟ್ಟಿಗೆಗೆ ಗೇಟು ಮಾಡುವ ಹತ್ತಿರದ ಕಾರ್ಖಾನೆಯವರು, ವಾರಕ್ಕೆ ಎರಡು ಬೆಳಿಗ್ಗೆ ವೆಲ್ಡಿಂಗ್ ಕೆಲಸಕ್ಕೆ ಬರುತ್ತೀರಾ ಎಂದು ಅಮ್ಮನನ್ನು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದು ಗಂಭೀರವಾಗಿ ಫೋನಿಟ್ಟಳು. ಇಟ್ಟವಳೇ ಸೋಫಾದ ಮೇಲೆ ಬಿದ್ದು ಕಾಲು ಬಡಿದುಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ, ನಾನೇ ಅವರಿಗೆ ಫೋನು ಮಾಡಿ, ಬರುತ್ತಾಳೆ ಎಂದು ಹೇಳಬೇಕಾಯಿತು.